ಹಳದಿ ಕಾರಿನ ಕೆಂಪು ದೀಪ

ನೆಲೋಗಿಯ ಕಲ್ಲಿನಾಥ ಮೂವತ್ಮೂರು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಜೇವರ್ಗಿ, ಅಫಜಲಪುರ, ಆಳಂದ ಈ ಮೂರು ತಾಲ್ಲೂಕುಗಳಲ್ಲಿ ಯಾವ ರಸ್ತೆಯ ಎಷ್ಟನೇ ತಗ್ಗಿಗೆ ಹಿಂದಿನ ಸೀಟಿನವರು ಬಯ್ಯಲು ಶುರು ಮಾಡುತ್ತಾರೆ ಎಂಬುದು ಅವನಿಗೆ ಬಾಯಿಪಾಠವಾಗಿತ್ತು. ಅಷ್ಟು ವರ್ಷಗಳಲ್ಲಿ ಅವನ ಕಣ್ಣೆದುರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ನೆಟ್ಟಗೆ ಉರಿದದ್ದಿಲ್ಲ. ವೇಗ ತೋರಿಸುವ ಮುಳ್ಳು ಡಿಪೋದಲ್ಲಿ ನಿಂತಾಗಲೂ ನಲವತ್ತರ ಮೇಲೆ, ಓಡುವಾಗಲೂ ನಲವತ್ತರ ಮೇಲೆ. ಹೀಗಾಗಿ ಎಂಜಿನ್ನಿನ ಸುಖದುಃಖವನ್ನು ಅವನು ಎಡಗಾಲಿಗೆ ತಾಗುವ ಬಿಸಿಯಿಂದ, ಮೂಗಿಗೆ ಬಡಿಯುವ ವಾಸನೆಯಿಂದ ತಿಳಿದುಕೊಳ್ಳುತ್ತಿದ್ದ. ಗಾಡಿಯ ಅರಿವಿಲ್ಲದವರಿಗಾಗಿ ಕಂಪನಿಯವರು ದೀಪ ಇಡುತ್ತಾರೆ ಎಂಬುದು ಅವನ ಗಟ್ಟಿ ನಂಬಿಕೆ.

ಇನ್ನೊಂದು ನಂಬಿಕೆ ನೀರಿನದು. ಅವನು ಓಡಿಸಿದ ಬಸ್ಸುಗಳ ರೇಡಿಯೇಟರುಗಳೆಲ್ಲ ಸೋರುತ್ತಿದ್ದವು. ನಿಂತಲ್ಲೆಲ್ಲ ನೀರು ಹಾಕದೆ ಗತಿ ಇರಲಿಲ್ಲ. ಚೌಡಾಪುರದ ಚಹಾದಂಗಡಿಯವನು ಇವನ ಹಾರ್ನು ಕೇಳಿಸಿದೊಡನೆ ಕೊಡ ತುಂಬಿ ರಸ್ತೆಬದಿಗೆ ತಂದಿಡುತ್ತಿದ್ದ. ಕಲ್ಲಿನಾಥನ ಕೈಯಲ್ಲಿ ಒಂದು ಎಂಜಿನ್ನೂ ಬಿಸಿಯಾಗಿ ಕೆಟ್ಟು ನಿಲ್ಲಲಿಲ್ಲ. ನಿವೃತ್ತಿಯ ದಿನ ಡಿಪೋ ಮ್ಯಾನೇಜರು ಈ ಮಾತನ್ನೇ ಮೈಕಿನಲ್ಲಿ ಹೇಳಿ ಒಂದು ಗೋಡೆ ಗಡಿಯಾರ ಕೊಟ್ಟರು. ಗಡಿಯಾರ ಆರು ತಿಂಗಳಲ್ಲಿ ನಿಂತಿತು. ಕಲ್ಲಿನಾಥ ಆ ಮಾತನ್ನು ಹೇಳಿಕೊಳ್ಳುವುದು ಮಾತ್ರ ನಿಲ್ಲಲಿಲ್ಲ.

ಮನೆಯಲ್ಲಿ ಕೂತ ಮೇಲೆ ಅವನು ಬೆಳಗಿನ ನಾಲ್ಕೂವರೆಗೆ ಎದ್ದು ಅಂಗಳದಲ್ಲಿ ಶತಪಥ ಹಾಕತೊಡಗಿದ. ಹೆಂಡತಿ ಗುರುಬಾಯಿ ರೊಟ್ಟಿ ಬಡಿಯುವುದು ನಿಧಾನವಾಯಿತು, ಒಲೆ ಹೊಗೆ ಹೆಚ್ಚಾಯಿತು ಎಂದು ವರದಿ ಒಪ್ಪಿಸುತ್ತಿದ್ದ. ಅವರಿವರು ಕರೆಯದಿದ್ದರೂ ಹೋಗಿ ಅವರ ಟ್ರ್ಯಾಕ್ಟರಿಗೆ ನೀರು ಹಾಕಿ ಬರುತ್ತಿದ್ದ. ಆಳಂದದ ಸಾವಕಾರರೊಬ್ಬರು ಅನುಭವಿ ಡ್ರೈವರನನ್ನು ಹುಡುಕುತ್ತಿದ್ದಾರೆ ಎಂಬ ಸುದ್ದಿ ಬಂದಾಗ ಕಲ್ಲಿನಾಥ ಯೋಚನೆ ಮಾಡಿ ಹೇಳುತ್ತೇನೆ ಎಂದ. ಅವನು ಯೋಚನೆ ಮುಗಿಸುವಷ್ಟರಲ್ಲಿ ಗುರುಬಾಯಿ ಅವನ ಬಟ್ಟೆಯ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು.

ಆ ಸಾವಕಾರರು ದೌಲತರಾಯರು. ಮೂಲ ಮಟಕಿಯವರು; ಅಲ್ಲಿ ತೊಗರಿ ಬೆಳೆಯುವ ಹೊಲ, ಆಳಂದದಲ್ಲಿ ಒಂದು ಕಲ್ಯಾಣ ಮಂಟಪ, ಮಂಟಪದ ಮೇಲಿನ ಅಂತಸ್ತಿನಲ್ಲಿ ಮನೆ. ಅವರ ಬೀಗರೊಬ್ಬರು ಗುಡಿಸಲಿನಷ್ಟು ಎತ್ತರದ ಜೀಪು ಕೊಂಡಿದ್ದರು. ಅದಕ್ಕಿಂತ ದೊಡ್ಡದು ಸಿಗದಿದ್ದುದರಿಂದ ದೌಲತರಾಯರು ಅದಕ್ಕಿಂತ ಸಣ್ಣದನ್ನು ಕೊಂಡರು. ಹೈದರಾಬಾದಿನ ಯಾರೋ ಶ್ರೀಮಂತರು ಓಡಿಸಿ ಬೇಸರಪಟ್ಟು ಬಿಟ್ಟ, ಇಪ್ಪತ್ತು ವರ್ಷ ಹಳೆಯದಾದ, ಹೊರದೇಶದ ಹಳದಿ ಸ್ಪೋರ್ಟ್ಸ್ ಕಾರು. ಬಟ್ಟೆಯ ಛಾವಣಿ, ಎರಡು ಬಾಗಿಲು, ಎರಡೇ ಸೀಟು. ಸಾವಕಾರರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವರು ಟ್ರ್ಯಾಕ್ಟರನ್ನು ಬಾವಿಗೆ ಇಳಿಸಿದ್ದರು. ಟ್ರ್ಯಾಕ್ಟರು ಮೇಲೆ ಬಂತು, ಧೈರ್ಯ ಅಲ್ಲಿಯೇ ಉಳಿಯಿತು. ಆದ್ದರಿಂದ ಎರಡು ಸೀಟಿನಲ್ಲಿ ಒಂದು ಡ್ರೈವರಿಗೆ, ಇನ್ನೊಂದು ಸಾವಕಾರರಿಗೆ. ಕಾರು ಮಂಟಪದ ಮುಂದೆ ಬಂದು ನಿಂತ ದಿನ ಅವರ ಹೆಂಡತಿ ಶಾಂಭವಿಯವರು ಸುತ್ತಲೂ ಒಂದು ಸಲ ನಡೆದು ನೋಡಿ, ತಾನು ಎಲ್ಲಿ ಕೂಡಬೇಕು ಎಂದು ಮೆತ್ತಗೆ ಕೇಳಿದರು. ದೌಲತರಾಯರು ಆ ಕಡೆ ಯೋಚಿಸಿಯೇ ಇರಲಿಲ್ಲ.

ಸಾವಕಾರರು ಆ ಕಾರಿನಲ್ಲಿ ಕೂಡುವುದೆಂದರೆ ಒಂದು ಸಣ್ಣ ಕಾರ್ಯಕ್ರಮ. ಮೊದಲು ಬೆನ್ನು ಒಳಗೆ ಹೋಗಬೇಕು, ಆಮೇಲೆ ಹೊಟ್ಟೆ, ಕೊನೆಗೆ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಡಬೇಕು. ಇಳಿಯುವಾಗ ಇಬ್ಬರು ಬೇಕು. ಕಲ್ಲಿನಾಥ ಆ ಕಾರನ್ನು ಬಸ್ಸಿನ ಹಾಗೆಯೇ ಓಡಿಸಿದ. ಗಂಟೆಗೆ ನಲವತ್ತು, ಪ್ರತಿ ಹಂಪಿನ ಮುಂದೆ ಪೂರ್ತಿ ನಿಲುಗಡೆ, ಆಮೇಲೆ ಗರ್ಭಿಣಿಯನ್ನು ಕೂರಿಸಿಕೊಂಡವನಂತೆ ಮೆಲ್ಲಗೆ ದಾಟುವುದು. ಗೂಡ್ಸ್ ಆಟೋಗಳು ಹಾರ್ನು ಹೊಡೆದು ಮುಂದೆ ಹೋಗುತ್ತಿದ್ದವು. ದೌಲತರಾಯರಿಗೂ ಇದೇ ಬೇಕಾಗಿತ್ತು. ನಿಧಾನ ಹೋದಷ್ಟೂ ನೋಡುವವರು ಹೆಚ್ಚು.

ಮೊದಲ ದಿನ ಕಲ್ಲಿನಾಥ ನೀರು ಹಾಕಲೆಂದು ಮುಂದಿನ ಬಾನೆಟ್ ಎತ್ತಿದರೆ ಅಲ್ಲಿ ಎಂಜಿನ್ನೇ ಇಲ್ಲ, ಖಾಲಿ ಗುಂಡಿ. ಹಿಂದಿನದನ್ನು ಎತ್ತಿದರೆ ಅಲ್ಲಿಯೂ ಇಲ್ಲ. ಸುತ್ತ ಸೇರಿದ ಜನ ಸಾವಕಾರರಿಗೆ ಹೈದರಾಬಾದಿನವರು ಟೋಪಿ ಹಾಕಿದರು ಎಂದು ಮರುಗುವ ಹಾಗೆ ಮಾಡಿ ಖುಷಿಪಟ್ಟರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಶ್ರೀಪಾದ ಮಾಸ್ತರರು ಮಂಟಪದ ಕಾಯಂ ಅತಿಥಿ. ಇಂಥ ಕಾರುಗಳಲ್ಲಿ ಎಂಜಿನ್ನು ಸೀಟಿನ ಬೆನ್ನಿಗೇ ಇರುತ್ತದೆ, ಭಾರ ನಡುವೆ ಬರಬೇಕು ಎಂದು ಅವರು ಅರ್ಧ ಗಂಟೆ ವಿವರಿಸಿದರು. ಕಲ್ಲಿನಾಥನಿಗೆ ಅರ್ಥವಾದದ್ದು ಇಷ್ಟೇ: ಹಿಂದಿನ ಡಿಕ್ಕಿಯ ಮೂಲೆಯಲ್ಲಿ ಒಂದು ಮುಚ್ಚಳವಿದೆ, ಅದರ ಕೆಳಗೆ ಪ್ಲಾಸ್ಟಿಕ್ ಡಬ್ಬಿಯೊಳಗೆ ನೀರಿದೆ. ನೀರಿನ ಬಣ್ಣ ಗುಲಾಬಿ. ಶ್ರೀಮಂತರು ಗಾಡಿಗೂ ಶರಬತ್ತು ಕುಡಿಸುತ್ತಾರಲ್ಲ ಎಂದು ಅವನಿಗೆ ನಗು ಬಂತು.

ಅಂದಿನಿಂದ ಅವನು ಪ್ರತಿದಿನ ಬೆಳಿಗ್ಗೆ ಮಂಟಪದ ಬೋರಿನ ನೀರು ತಂದು ಡಬ್ಬಿಯನ್ನು ಬಾಯಿಮಟ್ಟ ತುಂಬತೊಡಗಿದ. ಸಂಜೆಗೆ ಒಂದಿಷ್ಟು ಕಡಿಮೆಯಾಗಿರುತ್ತಿತ್ತು. ಮರುದಿನ ಮತ್ತೆ ತುಂಬುತ್ತಿದ್ದ. ಗಾಡಿ ದಿನಕ್ಕೊಂದು ಬಾಟಲಿ ಕುಡಿಯುತ್ತದೆ, ತಾನು ನೋಡಿಕೊಳ್ಳದಿದ್ದರೆ ಇದು ಎಂದೋ ಸುಟ್ಟುಹೋಗುತ್ತಿತ್ತು ಎಂದು ಅವನಿಗೆ ಒಳಗೊಳಗೇ ಹೆಮ್ಮೆ. ಬಾಯಿಮಟ್ಟ ತುಂಬಿದ ನೀರು ಬಿಸಿಯಾದಾಗ ಉಬ್ಬಿ ಹೆಚ್ಚಾದದ್ದನ್ನು ಹೊರಗೆ ಚೆಲ್ಲುತ್ತಿತ್ತು. ಚೆಲ್ಲಿದ್ದನ್ನು ಇವನು ಮತ್ತೆ ತುಂಬುತ್ತಿದ್ದ. ಇದು ಅವನಿಗೆ ಗೊತ್ತಿರಲಿಲ್ಲ. ನಾಲ್ಕು ತಿಂಗಳಲ್ಲಿ ಗುಲಾಬಿ ಬಣ್ಣ ಪೂರ್ತಿ ತೊಳೆದುಹೋಗಿ ಡಬ್ಬಿಯಲ್ಲಿ ಬರೀ ಬೋರಿನ ನೀರು ಉಳಿಯಿತು.

ದೀಪ ಹತ್ತಿದ್ದು ಅಫಜಲಪುರಕ್ಕೆ ಒಂದು ನಿಶ್ಚಿತಾರ್ಥಕ್ಕೆಂದು ಹೊರಟ ದಿನ. ಚೌಡಾಪುರ ದಾಟಿ ಸ್ವಲ್ಪ ಮುಂದೆ ಹೋಗುತ್ತಲೇ ಬಿಸಿ ತೋರಿಸುವ ಮುಳ್ಳಿನ ಪಕ್ಕದಲ್ಲಿ ಕೆಂಪು ಚುಕ್ಕೆಯೊಂದು ಮಿಣುಕತೊಡಗಿತು. ದೌಲತರಾಯರು ಅದೇನು ಎಂದು ಕೇಳಿದರು.

‘ನೀರಿಲ್ಲ ಅಂತ ಹೇಳಾಕತ್ತದ್ರಿ. ಮುಂಜಾನೆ ನಾನೇ ತುಂಬೇನಿ. ಸುಮ್ನ ಉರೀತದ, ಉರೀಲಿ ಬಿಡ್ರಿ.’

ಎರಡು ಮೈಲಿ ಉರಿಯಿತು. ಸಾವಕಾರರಿಗೆ ಕೂತಲ್ಲಿಯೇ ಬೆವರು ಬಂತು. ಎಂಜಿನ್ನು ತನ್ನ ಬೆನ್ನಿಗೇ ಇದೆ ಎಂದು ಮಾಸ್ತರರು ಹೇಳಿದ್ದು ಅವರಿಗೆ ನೆನಪಿತ್ತು. ಕಾರು ನಿಲ್ಲಿಸಿ ಡಿಕ್ಕಿ ಎತ್ತಿ ನೋಡಿದರೆ ನೀರು ತುಂಬಿದೆ. ಮುಳ್ಳು ನಡುಮಧ್ಯದಲ್ಲಿದೆ. ವಾಸನೆಯಿಲ್ಲ, ಹೊಗೆಯಿಲ್ಲ. ದೀಪ ಸುಳ್ಳು ಹೇಳುತ್ತಿದೆ ಎಂದು ಕಲ್ಲಿನಾಥ ತೀರ್ಪು ಕೊಟ್ಟು ಮತ್ತೆ ನಲವತ್ತರಲ್ಲಿ ಹೊರಟ.

ಅಫಜಲಪುರದಲ್ಲಿ ಆದದ್ದು ಬೇರೆಯೇ. ಅಲ್ಲಿನ ಜನ ಹಳದಿ ಕಾರನ್ನು ಒಂದು ಸಲ ನೋಡಿ, ಎರಡು ಸೀಟು ಎಂದು ತಿಳಿದು, ಮಾತು ಬದಲಿಸಿದ್ದರು. ಊಟದ ಹೊತ್ತಿಗೆ ದೌಲತರಾಯರು ದೀಪದ ಸಂಗತಿ ಎತ್ತಿದರು. ಕೂಡಲೇ ಎಲ್ಲರ ತಲೆ ಇತ್ತ ತಿರುಗಿತು. ಒಬ್ಬರು ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದರು, ಇನ್ನೊಬ್ಬರು ಕಂಪ್ಯೂಟರಿನ ದೋಷ ಎಂದರು, ಮತ್ತೊಬ್ಬರು ದುಬೈಯಲ್ಲಿದ್ದ ತಮ್ಮ ಅಳಿಯನ ಕಾರು ಇದೇ ದೀಪದಿಂದ ಬೆಂಕಿಗೆ ಆಹುತಿಯಾದದ್ದನ್ನು ಹೇಳಿದರು. ಎಲೆಯ ಮೇಲಿನ ಅನ್ನ ಆರುವತನಕ ಸಾವಕಾರರೇ ಆ ಪಂಕ್ತಿಯ ಮಧ್ಯಬಿಂದು. ಕಾರು ಸರಿಯಿದ್ದಾಗ ಸಿಗದ ಮರ್ಯಾದೆ ಅದು ಕೆಟ್ಟಾಗ ಸಿಕ್ಕಿತು. ಈ ಲೆಕ್ಕ ದೌಲತರಾಯರು ಮರೆಯುವಂಥವರಲ್ಲ.

ಊರಿಗೆ ಮರಳಿದ ಮೇಲೆ ಕಲ್ಲಿನಾಥ ಬಸ್ ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನ ಹಫೀಜನನ್ನು ಕರೆತಂದ. ಹಫೀಜ ಮಾತು ಕಡಿಮೆಯ ಮನುಷ್ಯ. ಡಬ್ಬಿ ನೋಡಿದ, ಮುಚ್ಚಳ ನೋಡಿದ, ಕೆಳಗೆ ಮಲಗಿ ನೋಡಿದ. ನೀರು ಎಲ್ಲಿಯೂ ಸೋರುತ್ತಿಲ್ಲ, ಡಬ್ಬಿಯನ್ನು ಬಿಚ್ಚಿ ಒಳಗೆ ನೋಡಬೇಕು, ಒಂದು ದಿನದ ಕೆಲಸ ಎಂದ. ದೌಲತರಾಯರ ಮುಖ ಬಾಡಿತು. ಹೊರದೇಶದ ಕಾರಿನ ರೋಗ, ಗೂಡ್ಸ್ ಆಟೋ ರಿಪೇರಿ ಮಾಡುವವನ ಕೈಯಲ್ಲಿ ಒಂದು ದಿನಕ್ಕೆ ವಾಸಿಯಾಗುವುದೆಂದರೆ ಅದೆಂಥ ರೋಗ. ಅವರು ಹಫೀಜನಿಗೆ ಚಹಾ ಕುಡಿಸಿ ಕಳಿಸಿಬಿಟ್ಟರು.

ಕಾರು ಮಾರಿದ ಹೈದರಾಬಾದಿನವನಿಗೆ ದೀಪದ ಫೋಟೋ ಹೋಯಿತು. ಅವನು ತಾನು ಜವಾಬ್ದಾರನಲ್ಲ ಎಂದು ಹೇಳಿ ಪುಣೆಯ ತಜ್ಞನೊಬ್ಬನ ನಂಬರು ಕೊಟ್ಟ. ಆ ತಜ್ಞನ ಹೆಸರು ಅನೂಪ. ಇಂಥ ಕಾರುಗಳನ್ನು ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲವಂತೆ. ಅನೂಪ ಫೋನಿನಲ್ಲೇ ಗಂಭೀರನಾಗಿ, ಎಂಜಿನ್ನಿನ ಮೇಲ್ಮುಚ್ಚಳ, ಅಂದರೆ ಸಿಲಿಂಡರಿನ ತಲೆ, ಸೀಳಿ ನೀರು ಒಳಗೊಳಗೇ ಸೋರುತ್ತಿರಲೂಬಹುದು, ನೋಡದೆ ಹೇಳಲಾಗದು, ಅಲ್ಲಿಯವರೆಗೆ ಓಡಿಸಬೇಡಿ, ಮೂರು ವಾರದ ಮೇಲಿನ ಭಾನುವಾರ ಬರುತ್ತೇನೆ ಎಂದ. ‘ನೋಡದೆ ಹೇಳಲಾಗದು’ ಎಂಬುದನ್ನು ಸಾವಕಾರರು ಅಲ್ಲಿಯೇ ಬಿಟ್ಟು, ಸೀಳಿದ ತಲೆಯನ್ನು ಮಾತ್ರ ಹಿಡಿದುಕೊಂಡರು.

ಮೂರು ವಾರ ಅವರ ಬದುಕಿನ ಸುವರ್ಣಯುಗ. ಮಂಟಪಕ್ಕೆ ಮದುವೆಗೆ ಬಂದವರು, ಮುಂಜಿವೆಗೆ ಬಂದವರು, ಮಂಟಪ ಬಾಡಿಗೆ ಕೇಳಲು ಬಂದವರು ಎಲ್ಲರನ್ನೂ ಕಾರಿನ ಬಳಿ ಕರೆದೊಯ್ದು, ಕಲ್ಲಿನಾಥನಿಂದ ಚಾವಿ ತಿರುಗಿಸಿ, ಕೆಂಪು ಚುಕ್ಕೆಯ ದರ್ಶನ ಮಾಡಿಸುತ್ತಿದ್ದರು. ಶ್ರೀಪಾದ ಮಾಸ್ತರರು ಪಕ್ಕದಲ್ಲಿ ನಿಂತು ಉಷ್ಣದ ನಿಯಮಗಳನ್ನು ಹೇಳುತ್ತಿದ್ದರು. ಇಡೀ ಜಿಲ್ಲೆಯಲ್ಲಿ ಇದನ್ನು ಮುಟ್ಟುವವರು ಯಾರೂ ಇಲ್ಲ, ಪುಣೆಯಿಂದಲೇ ಬರಬೇಕು ಎಂದು ಸಾವಕಾರರು ದುಃಖದ ಮುಖ ಮಾಡಿ ಹೇಳುವಾಗ ಅವರ ಮೀಸೆಯ ಕೆಳಗೆ ಸಂತೋಷ ಅಡಗಿ ಕೂರುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದ ಮುದುಕರೂ ಒಳಗೆ ಇಣುಕಿ, ಹೌದು, ಭಾರೀ ಕೆಂಪಿದೆ ಎಂದು ಒಪ್ಪಿದರು.

ಬಂದವರು ಹೋಗುವಾಗ ಪಿಸುಗುಟ್ಟುತ್ತಿದ್ದ ಮಾತು ಕಲ್ಲಿನಾಥನ ಕಿವಿಗೂ ಬಿತ್ತು. ಬಸ್ಸು ಓಡಿಸಿದವನ ಕೈಗೆ ಇಂಥ ಕಾರು ಕೊಟ್ಟರೆ ಇನ್ನೇನಾಗುತ್ತದೆ. ಅಂದು ಅವನಿಗೆ ಊಟ ಸೇರಲಿಲ್ಲ. ಮೈಕಿನಲ್ಲಿ ಹೊಗಳಿಸಿಕೊಂಡ ಮನುಷ್ಯ ಅವನು. ದೀಪ ಸುಳ್ಳು ಎಂದು ಬಾಯಲ್ಲಿ ಹೇಳಿದರೆ ಸಾಲದು, ಸುಳ್ಳು ಯಾಕೆ ಹೇಳುತ್ತದೆ ಎಂದು ಹಿಡಿದು ತೋರಿಸಬೇಕು ಎಂದು ಹಟ ಹುಟ್ಟಿತು.

ಮರುದಿನ ಸಾವಕಾರರು ಹೊಲ ನೋಡಲು ಮಟಕಿಗೆ ಹೋಗಿದ್ದರು. ಕಲ್ಲಿನಾಥ ಶಾಂಭವಿಯವರ ಬಳಿ ಹೋಗಿ, ಅಳಿಸದ ಬಣ್ಣ ಏನಾದರೂ ಇದೆಯೇ ಎಂದು ಕೇಳಿದ. ಅವರು ಉಗುರಿನ ಬಣ್ಣದ ಸಣ್ಣ ಶೀಶೆ ತಂದುಕೊಟ್ಟು, ಏನು ಮಾಡುತ್ತಾನೆ ನೋಡೋಣ ಎಂದು ಮೆಟ್ಟಿಲ ಮೇಲೆ ಕೂತರು. ಎಂಜಿನ್ನು ತಣ್ಣಗಿತ್ತು. ಅಂದು ಹೊಸದಾಗಿ ತುಂಬದೆ, ನೀರು ಎಲ್ಲಿಯವರೆಗಿದೆಯೋ ಅಲ್ಲಿ ಡಬ್ಬಿಯ ಹೊರಮೈಗೆ ಒಂದು ಗೆರೆ ಎಳೆದ. ಗಾಡಿ ಚಾಲೂ ಮಾಡಿ ಅರ್ಧ ಗಂಟೆ ನಿಲ್ಲಿಸಿದ. ಹೊಗೆಕೊಳವೆಯ ಬಾಯಿಗೆ ಅಂಗೈ ಹಿಡಿದು ನೋಡಿದ, ಒದ್ದೆಯಿಲ್ಲ. ಆಯಿಲ್ ಕಡ್ಡಿ ಎಳೆದು ನೋಡಿದ. ಆಯಿಲಿನಲ್ಲಿ ನೀರು ಬೆರೆತರೆ ಅದು ಹಾಲು ಹಾಕಿದ ಚಹಾದ ಹಾಗಾಗುತ್ತದೆ, ಇದು ಕಪ್ಪಗೆ ಶುದ್ಧವಾಗಿತ್ತು. ಡಬ್ಬಿಯಲ್ಲಿ ಗುಳ್ಳೆ ಏಳಲಿಲ್ಲ. ಮತ್ತೆ ತಣ್ಣಗಾಗುವತನಕ ಎರಡು ತಾಸು ಕಾದ. ನೀರು ಗೆರೆಯ ಮೇಲೆಯೇ ನಿಂತಿತ್ತು. ಸೀಳಿದ ತಲೆಯ ಗಾಡಿ ಹೀಗೆ ಮಾಡುವುದಿಲ್ಲ.

ಹಾಗಾದರೆ ದೀಪಕ್ಕೆ ಸುದ್ದಿ ಮುಟ್ಟಿಸುವವನದೇ ತಪ್ಪು. ಡಬ್ಬಿಯ ತಳದಲ್ಲಿ ಸಣ್ಣದೊಂದು ತೇಲುಬುರುಡೆ ಇರುತ್ತದೆ, ನೀರಿದ್ದರೆ ಮೇಲೆ, ಇಲ್ಲದಿದ್ದರೆ ಕೆಳಗೆ, ಅದು ಕೆಳಗೆ ಬಿದ್ದರೆ ದೀಪ ಹತ್ತುತ್ತದೆ ಎಂದು ಹಫೀಜ ಹೇಳಿದ್ದ. ಕಲ್ಲಿನಾಥ ಶಾಂಭವಿಯವರನ್ನು ಸಾವಕಾರರ ಸೀಟಿನಲ್ಲಿ ಕೂಡ್ರಿಸಿ ದೀಪದ ಮೇಲೆ ಕಣ್ಣಿಡಲು ಹೇಳಿದ. ನಾಲ್ಕು ತಿಂಗಳಲ್ಲಿ ಅವರು ಆ ಕಾರಿನೊಳಗೆ ಕೂತದ್ದು ಅದೇ ಮೊದಲು. ಇವನು ಹಿಂದೆ ನಿಂತು ಡಬ್ಬಿಯ ತಳಕ್ಕೆ ಚಮಚದಿಂದ ಮೆಲ್ಲಗೆ ಬಡಿದ.

‘ಹೋತು ನೋಡ್ರಿ ಕಲ್ಲಣ್ಣ,’ ಎಂದು ಒಳಗಿನಿಂದ ದನಿ ಬಂತು. ಸ್ವಲ್ಪ ತಡೆದು, ‘ಮತ್ತ ಬಂತು.’

ಅಂದೇ ಸಂಜೆ ಹಫೀಜ ಬಂದು ಡಬ್ಬಿ ಬಿಚ್ಚಿದ. ಅದರೊಳಗೆ ಸುಣ್ಣ ಬಳಿದಂತೆ ಬಿಳಿ ಹೆಕ್ಕಳಿಕೆ ಕಟ್ಟಿತ್ತು. ತೇಲುಬುರುಡೆ ಮೈಗೆ ಕಟ್ಟಿದ ಸುಣ್ಣದ ಭಾರಕ್ಕೆ ಮುಳುಗಿ, ಅದರ ನಡುವೆ ಹೂತು ತಳಕ್ಕೆ ಅಂಟಿಕೊಂಡಿತ್ತು. ಈ ಗಾಡಿಗೆ ಬೋರಿನ ನೀರು ಯಾರು ಹಾಕಿದರು ಎಂದು ಹಫೀಜ ಕೇಳಿದ. ಮಂಟಪದ ಬೋರಿನ ನೀರಿನ ಗುಣ ಆಳಂದಕ್ಕೆಲ್ಲ ಗೊತ್ತು. ಅದರಲ್ಲಿ ಬೇಳೆ ಬೇಯುವುದಿಲ್ಲವೆಂದು ಅಡುಗೆಯವರು ಪ್ರತಿ ಮದುವೆಗೂ ಹೊರಗಿನಿಂದ ಟ್ಯಾಂಕರು ತರಿಸುತ್ತಿದ್ದರು. ಬೇಳೆಗೆ ಬೇಡವಾದ ನೀರನ್ನು ಕಲ್ಲಿನಾಥ ನಾಲ್ಕು ತಿಂಗಳು ಕಾರಿಗೆ ಕುಡಿಸಿದ್ದ. ಗುಲಾಬಿ ಬಣ್ಣದ್ದು ಶರಬತ್ತಲ್ಲ, ಎಂಜಿನ್ನಿಗೆ ಸುಣ್ಣ ತುಕ್ಕು ಹಿಡಿಯದಂತೆ ಕಾಯುವ ಕೂಲಂಟು ಎಂದು ಹಫೀಜ ಬಿಡಿಸಿ ಹೇಳಿದಾಗ ಕಲ್ಲಿನಾಥನಿಗೆ ತನ್ನ ಮೂವತ್ಮೂರು ವರ್ಷ ಒಮ್ಮೆಲೇ ಕಿರಿದಾದಂತೆ ಕಂಡಿತು. ಸುಳ್ಳು ಹೇಳಿದ್ದು ದೀಪವಲ್ಲ. ಪಾಪ, ಅದರ ಬಾಯಿಗೆ ಇವನೇ ಸುಣ್ಣ ಮೆತ್ತಿದ್ದ.

ಸುಣ್ಣ ಕರಗಿಸುವ ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕದಡಿ ಡಬ್ಬಿಯನ್ನು ಅದರಲ್ಲಿ ನೆನೆಹಾಕಿದರು. ಬೆಳಿಗ್ಗೆ ಹೆಕ್ಕಳಿಕೆ ಕರಗಿ ತೇಲುಬುರುಡೆ ಬಿಡಿಸಿಕೊಂಡು ಮೇಲೆದ್ದಿತ್ತು. ಎಂಜಿನ್ನಿನೊಳಗಿನ ನೀರನ್ನೂ ಬಸಿದು, ಎರಡು ಸಲ ತೊಳೆದು, ಹೊಸ ಗುಲಾಬಿ ಕೂಲಂಟು ತುಂಬಿದರು. ಚಾವಿ ತಿರುಗಿಸಿದರೆ ದೀಪ ಹತ್ತಲಿಲ್ಲ. ಹಫೀಜ ಕೈ ಒರೆಸಿಕೊಂಡು, ಇದನ್ನು ಸಾವಕಾರರಿಗೆ ಹೇಳುವಾಗ ಬೋರಿನ ವಿಷಯ ಬಿಟ್ಟುಬಿಡು, ಡಬ್ಬಿ ಹಳತಾಗಿತ್ತು ಅಂದರೆ ಸಾಕು ಎಂದು ಬುದ್ಧಿ ಹೇಳಿದ. ಕಲ್ಲಿನಾಥನಿಗೂ ಆಸೆಯಾಯಿತು. ಆದರೆ ಮೆಟ್ಟಿಲ ಮೇಲೆ ಶಾಂಭವಿಯವರು ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಪ್ರಾಮಾಣಿಕತೆಯಲ್ಲಿ ಅರ್ಧ ಪಾಲು ಅವರದು ಎನ್ನಬೇಕು.

ಮಧ್ಯಾಹ್ನ ದೌಲತರಾಯರು ಬಂದೊಡನೆ ಅವನು ಎದುರು ನಿಂತ.

‘ಗಾಡಿ ಬರೋಬ್ಬರಿ ಆಗ್ಯದ್ರಿ ಸಾವಕಾರ್ರ. ತಪ್ಪು ನಂದ. ನಾ ಹಾಕಿದ ಬೋರಿನ ನೀರಿಗೆ ಒಳಗ ಸುಣ್ಣ ಹಿಡಿದಿತ್ರಿ. ತಲಿ ಗಿಲಿ ಏನೂ ಸೀಳಿಲ್ಲ.’

ಬೈಗುಳಕ್ಕೆ ಅವನು ತಯಾರಾಗಿದ್ದ. ಸಾವಕಾರರು ಬೈಯಲಿಲ್ಲ. ಚಾವಿ ತಿರುಗಿಸಲು ಹೇಳಿ, ಒಳಗೆ ಬಗ್ಗಿ, ಕೆಂಪು ಚುಕ್ಕೆ ಇದ್ದ ಜಾಗವನ್ನು ಬಹಳ ಹೊತ್ತು ನೋಡಿದರು. ಸಾವಿನ ಮನೆಯಲ್ಲಿ ಖಾಲಿ ಮಂಚ ನೋಡುವವರ ಮುಖವಿತ್ತು ಅವರದು.

‘ಐತವಾರ ಪುಣೆದವ್ರು ಬರ್ತಾರ,’ ಎಂದರು ಕೊನೆಗೆ. ‘ನೂರು ಮಂದಿಗಿ ಹೇಳೇನಿ. ಬೀಗರೂ ಬರ್ತಾರ. ಈಗ ಬೋರಿನ ನೀರು ಅಂತ ಹೇಳ್ಲಾ ನಾನು? ಲೈಟ್ ಮತ್ತ ಹತ್ತಬೇಕು ಕಲ್ಲಿನಾಥ. ಐತವಾರ ತನಕ.’

ಕಲ್ಲಿನಾಥ ತನ್ನ ಜನ್ಮದಲ್ಲಿ ಗಾಡಿ ಕೆಡಿಸಲು ಹೇಳಿದ ಮಾಲೀಕನನ್ನು ಕಂಡಿರಲಿಲ್ಲ. ಆಗುವುದಿಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದ. ತಪ್ಪು ಮಾಡಿದವನ ಬಾಯಿ ಅದು; ಪೂರ್ತಿ ತೆರೆಯಲಿಲ್ಲ. ಕೊನೆಗೆ ಇನ್ನೂ ಅಲ್ಲಿಯೇ ಇದ್ದ ಹಫೀಜನೇ ಡಬ್ಬಿಯ ಕೆಳಗಿಂದ ದೀಪಕ್ಕೆ ಹೋಗುವ ವೈರಿನ ಪ್ಲಗ್ಗನ್ನು ಒಂದು ಬೆರಳಿನಿಂದ ಎಳೆದು ಬಿಟ್ಟ. ದೀಪ ಮೊದಲಿಗಿಂತ ಚೆನ್ನಾಗಿ ಮಿಣುಕಿತು. ದೌಲತರಾಯರು ಅವನಿಗೆ ಎರಡನೇ ಸಲ ಚಹಾ ಕುಡಿಸಿದರು.

ಭಾನುವಾರ ಮಂಟಪದ ಮುಂದೆ ಶಾಮಿಯಾನ ಹಾಕಿ ಕುರ್ಚಿ ಹಾಕಿಸಲಾಗಿತ್ತು. ಎತ್ತರದ ಜೀಪಿನ ಬೀಗರು ಮೊದಲ ಸಾಲಿನಲ್ಲಿ ಕೂತಿದ್ದರು. ಅನೂಪ ಎಂಬ ತಜ್ಞ ಬಂದ. ಮೂವತ್ತರ ಹರೆಯದ, ಹುಷಾರಿ ಕಣ್ಣಿನ ಹುಡುಗ. ಲ್ಯಾಪ್‌ಟಾಪಿನ ವೈರನ್ನು ಕಾರಿಗೆ ಚುಚ್ಚಿ ಹತ್ತು ನಿಮಿಷ ಪರದೆ ನೋಡಿದ. ಡಿಕ್ಕಿ ಎತ್ತಿದ. ಹೊಳೆಯುವ ಡಬ್ಬಿ, ಹೊಚ್ಚ ಹೊಸ ಕೂಲಂಟು, ಉಗುರುಬಣ್ಣದ ಗೆರೆ, ಜೋತುಬಿದ್ದ ಪ್ಲಗ್ಗು ಎಲ್ಲವನ್ನೂ ನೋಡಿದ. ತಲೆ ಎತ್ತಿ ಪಕ್ಕದಲ್ಲಿ ನಿಂತ ಕಲ್ಲಿನಾಥನನ್ನು ನೋಡಿದ. ಕಲ್ಲಿನಾಥ ಶಾಮಿಯಾನದ ಕಂಬ ನೋಡಿದ. ಅನೂಪ ಬುದ್ಧಿವಂತ. ಕುರ್ಚಿಗಳ ಕಡೆ ಒಮ್ಮೆ ಕಣ್ಣು ಹಾಯಿಸಿದವನೇ, ಪುಣೆಯಿಂದ ಇಷ್ಟು ದೂರ ಬಂದು ಇಪ್ಪತ್ತು ನಿಮಿಷಕ್ಕೆ ಮುಗಿಸಿದರೆ ಯಾರಿಗೂ ಒಳ್ಳೆಯದಲ್ಲ ಎಂದು ತಿಳಿದುಕೊಂಡ. ಇನ್ನೂ ಒಂದೂಮುಕ್ಕಾಲು ಗಂಟೆ ಪರದೆಯ ಮೇಲೆ ಗೆರೆಗಳನ್ನು ಓಡಿಸಿದ. ಶ್ರೀಪಾದ ಮಾಸ್ತರರು ಆ ಗೆರೆಗಳ ಅರ್ಥವನ್ನು ಜನರಿಗೆ ತಿಳಿಸಿದರು. ಕೊನೆಗೆ ಅನೂಪ ಡಿಕ್ಕಿಯೊಳಗೆ ಕೈ ಇಟ್ಟ. ದೀಪ ಆರಿತು. ಜನ ಚಪ್ಪಾಳೆ ತಟ್ಟಿದರು.

ಸಾವಕಾರರು ಅನೂಪನಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಫೋಟೋ ತೆಗೆಸಿದರು. ಆಮೇಲೆ ನಾಲ್ಕು ಮಾತು ಆಡಿದರು. ಮಾತಿನ ಭರದಲ್ಲಿ ಕಥೆಗೆ ಒಬ್ಬ ಖಳ ಬೇಕೆನಿಸಿತೇನೋ. ಇಂಥ ನಾಜೂಕು ಗಾಡಿಗೆ ಬೋರಿನ ನೀರು ಸುರಿದು ಎಂಜಿನ್ನಿಗೇ ಕುತ್ತು ತಂದ ಬಸ್ ಡ್ರೈವರನ ಬುದ್ಧಿಯನ್ನು ಸಭೆಗೆ ವಿವರಿಸಿದರು. ಕಲ್ಲಿನಾಥ ತಾನಾಗಿಯೇ ತಂದೊಪ್ಪಿಸಿದ ತಪ್ಪನ್ನು ಅವರು ಜೋಪಾನವಾಗಿ ಇಟ್ಟುಕೊಂಡು, ಅದನ್ನು ತಿದ್ದಿದ್ದನ್ನು ಮಾತ್ರ ಪುಣೆಯವನಿಗೆ ಕೊಟ್ಟುಬಿಟ್ಟಿದ್ದರು. ಬೀಗರು ಹಿಂದೆ ತಿರುಗಿ ಕಲ್ಲಿನಾಥನನ್ನು ಕನಿಕರದಿಂದ ನೋಡಿದರು.

ಅವನಿಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು, ಯಾಕೆಂದರೆ ಶಾಲು ಹೊದಿಸುವ ಹೊತ್ತಿಗೆ, ಸಾವಕಾರರು ಮನಸ್ಸು ಕರಗಿ ತನ್ನ ಹೆಸರನ್ನೂ ಹೇಳಬಹುದು ಎಂದು ಅವನು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಸಿದ್ಧವಾಗಿ ನಿಂತಿದ್ದ. ಗುಂಡಿ ಬಿಚ್ಚಿದ. ಮಂಟಪದ ಹಿಂದಿನ ತನ್ನ ಕೋಣೆಗೆ ಹೋಗಿ ಚೀಲ ತಂದ. ಚಾವಿಯನ್ನು ಶಾಂಭವಿಯವರ ಕೈಗೆ ಕೊಟ್ಟು, ಊರಿಗೆ ಹೋಗುತ್ತೇನೆ ಎಂದ. ಅವರು ಶಾಮಿಯಾನದ ಕಡೆ ತಿರುಗಿದರು.

‘ನಾ ಹೇಳ್ಲೇನು ಕಲ್ಲಣ್ಣ, ಮಂದಿ ಮುಂದ? ನಾ ಎಲ್ಲಾ ನೋಡೇನಿ.’

ಬೇಡ ಎಂದ. ಅವರು ಹೇಳಿದರೆ ಪ್ಲಗ್ಗು ಎಳೆದದ್ದನ್ನೂ ಹೇಳಬೇಕಾಗುತ್ತಿತ್ತು, ಹಫೀಜನೂ ಸಿಕ್ಕಿಕೊಳ್ಳುತ್ತಿದ್ದ. ಜೇವರ್ಗಿಯವರೆಗೆ ಬಸ್ಸಿನಲ್ಲಿ ನಿಂತೇ ಹೋದ.

ನೆಲೋಗಿಗೆ ಅವನಿಗಿಂತ ಮೊದಲೇ ಸುದ್ದಿ ಮುಟ್ಟಿತ್ತು. ಕಲ್ಲಿನಾಥ ಕೆಟ್ಟ ನೀರು ಹಾಕಿ ಕೋಟಿಯ ಕಾರು ಕೆಡಿಸಿದ, ಪುಣೆಯ ಎಂಜಿನಿಯರು ಕಂಪ್ಯೂಟರಿನಿಂದ ಬದುಕಿಸಿದ ಎಂದು ಕಟ್ಟೆಯ ಮೇಲಿನವರು ಅವನಿಗೇ ಹೇಳಿದರು. ಮೊದಲರ್ಧ ನಿಜವಿದ್ದದ್ದರಿಂದ ಅವನಿಗೆ ಜಗಳಕ್ಕೆ ನಿಲ್ಲಲು ಆಗಲಿಲ್ಲ. ಗುರುಬಾಯಿ ಮಾತ್ರ ಎಲ್ಲವನ್ನೂ ಪೂರ್ತಿ ಕೇಳಿಸಿಕೊಂಡಳು. ಕೇಳಿ, ‘ನಮ್ಮ ಹಂಡೇದಾಗ ಹಿಡಿದ ಸುಣ್ಣ ಹತ್ತು ವರ್ಷದಿಂದ ಹಂಗೇ ಅದ. ಆ ನಿಂಬಿ ಉಪ್ಪು ಹ್ಯಾಂಗ ಹಾಕಬೇಕು, ತೋರಿಸ್ರಿ,’ ಎಂದಳು. ಅವನು ಒಂದು ದಿನ ಪೂರ್ತಿ ಕೂತು ಹಂಡೆ ತಿಕ್ಕಿದ.

ತಿಂಗಳೊಪ್ಪತ್ತಿನಲ್ಲಿ ಹಫೀಜನಿಂದ ಫೋನು ಬಂತು. ಟ್ರ್ಯಾಕ್ಟರು, ಶಾಲೆಯ ವ್ಯಾನು, ನೀರಿನ ಟ್ಯಾಂಕರು ಬಿಸಿಯಾಗಿ ಗ್ಯಾರೇಜಿಗೆ ಬರುತ್ತವೆ, ಕೂತು ನೋಡುವ ತಾಳ್ಮೆ ತನಗಿಲ್ಲ, ವಾರಕ್ಕೆರಡು ದಿನ ಬಾ ಎಂದ. ಕಲ್ಲಿನಾಥ ಹೋಗತೊಡಗಿದ. ಬಂದ ಗಾಡಿಗೆ ಮೊದಲು ಗೆರೆ ಎಳೆಯುತ್ತಾನೆ, ಆಮೇಲೆ ಕಾಯುತ್ತಾನೆ. ಡ್ಯಾಶ್‌ಬೋರ್ಡಿನ ದೀಪ ಹತ್ತಿದ್ದರೆ ಅದು ಏನು ಹೇಳುತ್ತಿದೆ ಎಂದು ಕೇಳಿಸಿಕೊಳ್ಳುತ್ತಾನೆ. ಯಾವ ನೀರು ಹಾಕುತ್ತೀರಿ ಎಂದು ಡ್ರೈವರುಗಳಿಗೆ ಗದರುವಾಗ, ತಾನೇ ಮಾಡಿದ್ದನ್ನು ಮೊದಲು ಹೇಳಿ ಆಮೇಲೆ ಗದರುತ್ತಾನೆ. ಹೀಗಾಗಿ ಯಾರೂ ಬೇಸರಪಡುವುದಿಲ್ಲ.

ಹಳದಿ ಕಾರಿಗೆ ಮತ್ತೆ ಡ್ರೈವರು ಸಿಗಲಿಲ್ಲ. ಬಂದ ಇಬ್ಬರು ಅದನ್ನು ಸ್ಪೋರ್ಟ್ಸ್ ಕಾರಿನ ಹಾಗೆ ಓಡಿಸಿದರು. ಬಾವಿ ನೆನಪಾಗಿ ಸಾವಕಾರರು ಇಬ್ಬರನ್ನೂ ಬಿಡಿಸಿದರು. ಈಗ ಅದು ಮಂಟಪದ ಬಾಗಿಲಲ್ಲಿ ನಿಂತಿದೆ. ಮದುಮಕ್ಕಳು ಅದರಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಇಬ್ಬರಿಗೆ ಎರಡು ಸೀಟು ಸರಿಯಾಗಿ ಹೊಂದುತ್ತದೆ.

ಕಳೆದ ವೈಶಾಖದಲ್ಲಿ ಹಫೀಜನ ಗಿರಾಕಿಯೊಬ್ಬರ ಮಗಳ ಮದುವೆ ಅದೇ ಮಂಟಪದಲ್ಲಿ ಆಯಿತು. ಕಲ್ಲಿನಾಥನೂ ಹಫೀಜನೂ ಪಂಕ್ತಿಯಲ್ಲಿ ಪಕ್ಕಪಕ್ಕ ಕೂತಿದ್ದರು. ಉಪಚಾರ ಮಾಡುತ್ತ ಬಂದ ದೌಲತರಾಯರು ಕಲ್ಲಿನಾಥನ ಮುಂದೆ ನಿಂತು, ಸುತ್ತಲಿನವರಿಗೆ ಅವನ ಗುರುತು ಹೇಳಿ, ಬೋರಿನ ನೀರಿನ ಕಥೆಯನ್ನು ಮೊದಲಿನಿಂದ ಎತ್ತಿದರು. ಹೇಳುತ್ತ ಹೇಳುತ್ತ ಅವರಿಗೇ ಅದು ನಿಜವಾಗಿಹೋಗಿತ್ತು. ಪುಣೆಯ ತಜ್ಞ ಬಿಸಿಲಲ್ಲಿ ಎರಡು ಗಂಟೆ ಹೋರಾಡಿ ಎಂಜಿನ್ನನ್ನು ಉಳಿಸಿದ ಜಾಗಕ್ಕೆ ಬಂದಾಗ ಕಲ್ಲಿನಾಥ ತುತ್ತು ನುಂಗಿ ತಲೆ ಎತ್ತಿದ.

‘ನೀರು ಹಾಕಿದ್ದು ಖರೇ ಅದ್ರಿ,’ ಎಂದ. ‘ಎರಡು ತಾಸು ಅಲ್ರಿ, ಇಪ್ಪತ್ತು ನಿಮಿಷದ ಕೆಲಸ. ಉಳಿದದ್ದು ಕುರ್ಚಿ ಮ್ಯಾಲೆ ಕೂತವರ ಸಲುವಾಗಿ.’

ಹಫೀಜ ಎಲೆಯ ಮೇಲೆ ಬಗ್ಗಿ ಕೆಮ್ಮಿದ. ಸುತ್ತಲಿನ ನಾಲ್ಕೈದು ಜನ ಮೊದಲು ಸಾವಕಾರರ ಮುಖ ನೋಡಿದರು, ಆಮೇಲೆ ನಕ್ಕರು. ಆಚೆ ಸಾಲಿನಲ್ಲಿ ಹೆಂಗಸರಿಗೆ ಬಡಿಸುತ್ತಿದ್ದ ಶಾಂಭವಿಯವರು ಎಲ್ಲರಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಕ್ಕರು. ದೌಲತರಾಯರು, ಹೋಳಿಗೆ ಬಂತೋ ಇಲ್ಲವೋ ನೋಡುತ್ತೇನೆ ಎಂದು ಮುಂದಿನ ಪಂಕ್ತಿಗೆ ಸರಿದರು. ಹೋಳಿಗೆ ಬಂತು. ಕಲ್ಲಿನಾಥ ಎರಡು ಹಾಕಿಸಿಕೊಂಡು, ತುಪ್ಪದವನನ್ನು ಕರೆದ.